ಆವಿಯಾಗಿ ಹೋಗುವ ಲಾಭ

ಕಬ್ಬಿನ ಕಟಾವು ಶುರುವಾಯಿತೆಂದರೆ ಮಂಡ್ಯ, ಮದ್ದೂರು, ಪಾಂಡವಪುರದ ಸೀಮೆಯಲ್ಲಿ ಆಲೆಮನೆಯ ದಾರಿಯನ್ನು ಯಾರನ್ನೂ ಕೇಳಬೇಕಿಲ್ಲ. ಚಿಮಣಿಯಿಂದ ಏಳುವ ಹೊಗೆ, ಸೂರಿನ ಸಂದಿಯಿಂದ ಹೊರಬೀಳುವ ಆವಿ ದೂರದಿಂದಲೇ ಗುರುತು ಹೇಳುತ್ತವೆ. ದಾರಿಹೋಕರಿಗೆ ಅದು ಸುಗ್ಗಿಯ ಲಕ್ಷಣ. ಆದರೆ ಮಾಲೀಕನ ಗಳಿಕೆಯ ದೊಡ್ಡದೊಂದು ಪಾಲು ಹೊರಟುಹೋಗುವುದು ಅವೆರಡು ದಾರಿಗಳಿಂದಲೇ. ಹೊಗೆ ಒಲೆಯ ಶಾಖವನ್ನು ಹೊತ್ತೊಯ್ಯುತ್ತದೆ. ಆವಿ ಶಾಖವನ್ನೂ ನೀರನ್ನೂ ಒಟ್ಟಿಗೇ ಹೊತ್ತೊಯ್ಯುತ್ತದೆ.

ಬೆಲ್ಲದ ದರ ತೀರ್ಮಾನವಾಗುವುದು ಎಪಿಎಂಸಿಯಲ್ಲಿ. ಕಬ್ಬಿನ ದರ ಕಾರ್ಖಾನೆಗಳ ಪೈಪೋಟಿಯ ಮೇಲೆ ನಿಂತಿದೆ, ಕೂಲಿ ಆಳುಗಳ ಲಭ್ಯತೆಯ ಮೇಲೆ. ಇವು ಯಾವುವೂ ಆಲೆಮನೆ ನಡೆಸುವವರ ಹಿಡಿತದಲ್ಲಿಲ್ಲ. ಅವರ ಹಿಡಿತದಲ್ಲಿ ಪೂರ್ತಿಯಾಗಿ ಇರುವುದು ಒಲೆ ಮತ್ತು ನೀರು. ಅವಲಕ್ಕಿ ಗಿರಣಿ, ಡೇರಿ, ಹಪ್ಪಳ–ಉಪ್ಪಿನಕಾಯಿ ಘಟಕ, ಬೇಕರಿ, ದೊಡ್ಡ ಅಡುಗೆಮನೆ, ಯಾವ ಆಹಾರ ಉದ್ಯಮವನ್ನು ತೆಗೆದುಕೊಂಡರೂ ಕಥೆ ಹೆಚ್ಚುಕಡಿಮೆ ಇದೇ. ಬೇಯಿಸಬೇಕು, ಒಣಗಿಸಬೇಕು, ತಣಿಸಬೇಕು, ತೊಳೆಯಬೇಕು. ಈ ನಾಲ್ಕು ಕೆಲಸಗಳಲ್ಲಿ ಇಂಧನವೂ ನೀರೂ ಹೇಗೆ ಸೋರುತ್ತವೆ ಎಂಬುದನ್ನು ಆಲೆಮನೆಯಷ್ಟು ಬಿಡಿಸಿ ತೋರಿಸುವ ಜಾಗ ಇನ್ನೊಂದಿಲ್ಲ.

ಒಂದು ಕೆ.ಜಿ. ಬೆಲ್ಲದ ಹಿಂದಿನ ಲೆಕ್ಕ

ನೂರು ಕೆ.ಜಿ. ಕಬ್ಬನ್ನು ಗಾಣಕ್ಕೆ ಕೊಟ್ಟರೆ ಸುಮಾರು 60 ಕೆ.ಜಿ. ಹಾಲು ಬರುತ್ತದೆ. ಉಳಿದ 40 ಕೆ.ಜಿ. ಹಸಿ ರಚ್ಚು, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆ. ಹಾಲಿನಲ್ಲಿ ಸಿಹಿಯ ಅಂಶ ಐದನೇ ಒಂದು ಪಾಲಿಗಿಂತ ತುಸು ಕಡಿಮೆ, ಮಿಕ್ಕಿದ್ದೆಲ್ಲ ನೀರು. ಆ 60 ಕೆ.ಜಿ. ಹಾಲು ಕೊಪ್ಪರಿಗೆಯಲ್ಲಿ ಕುದಿದು, ಮಡ್ಡಿ ತೆಗೆಸಿಕೊಂಡು, ಪಾಕ ಬಂದು, ಅಚ್ಚಿಗೆ ಬೀಳುವ ಹೊತ್ತಿಗೆ ಉಳಿಯುವುದು 11 ಕೆ.ಜಿ. ಆಸುಪಾಸಿನ ಬೆಲ್ಲ. ಅಂದರೆ 49 ಕೆ.ಜಿ. ನೀರನ್ನು ಆವಿ ಮಾಡಿ ಆಕಾಶಕ್ಕೆ ಕಳಿಸಿರುತ್ತೇವೆ. ಒಂದು ಕೆ.ಜಿ. ಬೆಲ್ಲಕ್ಕೆ ನಾಲ್ಕೂವರೆ ಲೀಟರ್ ನೀರು.

ಇಲ್ಲಿ ಭೌತಶಾಸ್ತ್ರದ ಒಂದು ಸತ್ಯವನ್ನು ಗಮನದಲ್ಲಿಡಬೇಕು. ಒಂದು ಕೆ.ಜಿ. ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 100ಕ್ಕೆ ಕಾಯಿಸಲು ಬೇಕಾಗುವ ಶಾಖ ಸುಮಾರು 314 ಕಿಲೋಜೂಲ್. ಕುದಿಯುತ್ತಿರುವ ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕಾಗುವುದು 2,257 ಕಿಲೋಜೂಲ್, ಏಳು ಪಟ್ಟಿಗಿಂತ ಹೆಚ್ಚು. ಕಾಯಿಸುವುದು ಅಗ್ಗದ ಕೆಲಸ, ಇಂಗಿಸುವುದು ದುಬಾರಿ ಕೆಲಸ. ಆಹಾರ ಉದ್ಯಮದಲ್ಲಿ ಇಂಧನದ ಖರ್ಚು ಎಲ್ಲಿ ಹೆಚ್ಚೆಂದು ಹುಡುಕುವವರು ಮೊದಲು ನೋಡಬೇಕಾದದ್ದು ನೀರು ಎಲ್ಲೆಲ್ಲಿ ಆವಿಯಾಗುತ್ತಿದೆ ಎಂಬುದನ್ನು.

ಈ ಲೆಕ್ಕದ ಪ್ರಕಾರ ಒಂದು ಕೆ.ಜಿ. ಬೆಲ್ಲಕ್ಕೆ ನಿಜವಾಗಿ ಬೇಕಾಗುವ ಶಾಖ ಸುಮಾರು 11,600 ಕಿಲೋಜೂಲ್. ಒಣ ರಚ್ಚಿನ ಒಂದು ಕೆ.ಜಿ.ಯಲ್ಲಿ 17,000 ಕಿಲೋಜೂಲ್‌ನಷ್ಟು ಶಾಖ ಅಡಗಿದೆ. ಒಲೆ ಒಂದಿಷ್ಟೂ ಸೋರದಿದ್ದರೆ ಮುಕ್ಕಾಲು ಕೆ.ಜಿ.ಗಿಂತ ಕಡಿಮೆ ರಚ್ಚು ಸಾಕು. ಅಂಥ ಒಲೆ ಲೋಕದಲ್ಲಿಲ್ಲ ನಿಜ. ಆದರೆ ಕಬ್ಬು ನಮಗೆ ಕೊಡುತ್ತಿರುವ ರಚ್ಚು ಎಷ್ಟು? ನಲವತ್ತು ಕೆ.ಜಿ. ಹಸಿ ರಚ್ಚಿನಲ್ಲಿ ಅರ್ಧದಷ್ಟು ತೇವ. ಬಿಸಿಲಿಗೆ ಚೆನ್ನಾಗಿ ಒಣಗಿದ ಮೇಲೆ 20ರಿಂದ 22 ಕೆ.ಜಿ. ಉಳಿಯುತ್ತದೆ. ಹನ್ನೊಂದು ಕೆ.ಜಿ. ಬೆಲ್ಲಕ್ಕೆ ಅದನ್ನು ಹಂಚಿದರೆ ಒಂದೊಂದು ಕೆ.ಜಿ.ಗೂ ಎರಡು ಕೆ.ಜಿ.ಗೆ ಸಮೀಪದ ರಚ್ಚು. ಬೇಕಾದದ್ದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಕಬ್ಬಿಗೆ ತನ್ನನ್ನು ತಾನೇ ಬೇಯಿಸಿಕೊಳ್ಳುವಷ್ಟು ಇಂಧನ ಮೈಯಲ್ಲೇ ಇದೆ.

ಹಾಗಿದ್ದೂ ಎಷ್ಟೋ ಆಲೆಮನೆಗಳಲ್ಲಿ ರಚ್ಚು ಸಾಲುವುದಿಲ್ಲ. ಕೊರತೆಗೆ ಸೌದೆ ಕೊಳ್ಳುತ್ತಾರೆ. ಸೌದೆ ದುಬಾರಿಯಾದಲ್ಲಿ ಹಳೆಯ ಟೈರು, ಪ್ಲಾಸ್ಟಿಕ್ ತ್ಯಾಜ್ಯ ಒಲೆಗೆ ಬೀಳುತ್ತದೆ. ಟೈರಿನ ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಇರುತ್ತದೆ, ಕ್ಯಾನ್ಸರಿಗೆ ಕಾರಣವಾಗಬಲ್ಲ ಹೈಡ್ರೋಕಾರ್ಬನ್‌ಗಳಿರುತ್ತವೆ. ಅದರ ಮಸಿ ತೆರೆದ ಕೊಪ್ಪರಿಗೆಯ ಪಕ್ಕದಲ್ಲೇ ಹಾರಾಡುತ್ತದೆ. ದಿನವಿಡೀ ಒಲೆಯ ಬಾಯಲ್ಲಿ ಕೂರುವ ಕಾರ್ಮಿಕನ ಶ್ವಾಸಕೋಶವನ್ನು ಮೊದಲು ಹೊಕ್ಕು, ಆಮೇಲೆ ಊರಿನದನ್ನು ಹೊಗುತ್ತದೆ. ಇಂಧನ ಉಳಿತಾಯವನ್ನು ಬರೀ ಹಣದ ಪ್ರಶ್ನೆಯೆಂದು ನೋಡಲಾಗದು ಎನ್ನುವುದು ಇದೇ ಕಾರಣಕ್ಕೆ. ಒಲೆ ಸೋರಿದಷ್ಟೂ ಅದಕ್ಕೆ ಏನೇನನ್ನೋ ತಿನ್ನಿಸಬೇಕಾಗುತ್ತದೆ.

ಉರಿ ಹಾಕುವ ಕೈ

ನಾಲ್ಕು ಕೊಪ್ಪರಿಗೆಗಳ ಸಾಂಪ್ರದಾಯಿಕ ಒಲೆಯೊಂದನ್ನು ಅಳೆದು ನೋಡಿದ ಭಾರತೀಯ ಸಂಶೋಧಕರ ವರದಿ 2010ರಲ್ಲಿ ‘ಎನರ್ಜಿ’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಲೆಗೆ ಹಾಕಿದ ರಚ್ಚಿನ ಶಾಖದಲ್ಲಿ ಬೆಲ್ಲಕ್ಕೆ ನಿಜವಾಗಿ ಬೇಕಾದದ್ದು ಶೇ 29ರಷ್ಟು ಮಾತ್ರ ಎಂದು ಅವರು ಕಂಡರು. ಉಳಿದುದರಲ್ಲಿ ಹೆಚ್ಚಿನ ಭಾಗ ಚಿಮಣಿಯ ಬಿಸಿ ಹೊಗೆಯಲ್ಲೂ ಒಲೆಯ ಗೋಡೆಗಳಲ್ಲೂ ನಷ್ಟ. ಒಂದು ಕೆ.ಜಿ. ಬೆಲ್ಲಕ್ಕೆ 2.39 ಕೆ.ಜಿ. ರಚ್ಚು ಸುಡುತ್ತಿತ್ತು. ಆಮೇಲೆ ಅವರು ಒಲೆಯನ್ನು ಒಡೆಯಲಿಲ್ಲ, ಕೊಪ್ಪರಿಗೆ ಬದಲಿಸಲಿಲ್ಲ. ಚಿಮಣಿಯ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅಳೆದು, ಅದಕ್ಕೆ ತಕ್ಕಂತೆ ರಚ್ಚು ಹಾಕುವ ಗತಿಯನ್ನು ಹದಗೊಳಿಸಿದರು. ಬಳಕೆ 1.73 ಕೆ.ಜಿ.ಗೆ ಇಳಿಯಿತು. ಕಾಲು ಭಾಗಕ್ಕಿಂತ ಹೆಚ್ಚಿನ ಉಳಿತಾಯ.

ಈ ಎರಡು ಅಂಕಿಗಳನ್ನು ಮೇಲಿನ ಲೆಕ್ಕದ ಪಕ್ಕದಲ್ಲಿಟ್ಟರೆ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ಕಬ್ಬು ಕೊಡುವುದು ಎರಡು ಕೆ.ಜಿ.ಗೆ ಸಮೀಪದ ರಚ್ಚು. 2.39 ಕೆ.ಜಿ. ಸುಡುವ ಆಲೆಮನೆ ಹೊರಗಿನ ಇಂಧನಕ್ಕೆ ಕೈಚಾಚಲೇಬೇಕು. 1.73ರಲ್ಲಿ ಮುಗಿಸುವ ಆಲೆಮನೆಗೆ ಆ ಹಂಗಿಲ್ಲ, ಮಳೆಗಾಲಕ್ಕೆ ಒಂದಿಷ್ಟು ರಚ್ಚು ಮಿಗುತ್ತದೆ ಕೂಡ. ದಿನಕ್ಕೆ 500 ಕೆ.ಜಿ. ಬೆಲ್ಲ ಮಾಡುವಲ್ಲಿ ಈ ವ್ಯತ್ಯಾಸ 330 ಕೆ.ಜಿ. ರಚ್ಚು. ಟೈರು ಕೊಳ್ಳುವ ಆಲೆಮನೆಗೂ ಕೊಳ್ಳದ ಆಲೆಮನೆಗೂ ನಡುವಿನ ಅಂತರವನ್ನು ಉರಿ ಹಾಕುವ ಕೈಯೊಂದೇ ದಾಟಿಸಬಲ್ಲದು.

ಕಾರಣ ಸರಳ. ರಚ್ಚನ್ನು ಒಮ್ಮೆಲೇ ತುರುಕಿದಾಗ ಗಾಳಿ ಸಾಲದೆ ಅರ್ಧ ಉರಿದ ಅನಿಲ ಕಪ್ಪು ಹೊಗೆಯಾಗಿ ಹೋಗುತ್ತದೆ. ಅದು ಉರಿದು ಮುಗಿಯುತ್ತಿದ್ದಂತೆ ಜಾಲರಿ ಬರಿದಾಗಿ ತಣ್ಣನೆ ಗಾಳಿ ಒಳನುಗ್ಗುತ್ತದೆ, ಕಾದ ಒಲೆಯ ಶಾಖವನ್ನು ಬಾಚಿಕೊಂಡು ಚಿಮಣಿ ಸೇರುತ್ತದೆ. ಮೊದಲನೆಯದು ಕಣ್ಣಿಗೆ ಕಾಣುವ ನಷ್ಟ. ಎರಡನೆಯದಕ್ಕೆ ಬಣ್ಣವಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ, ಒಂದೇ ಗತಿಯಲ್ಲಿ, ಒಣಗಿದ ರಚ್ಚನ್ನೇ ಹಾಕಿದರೆ ಎರಡೂ ಕಡಿಮೆಯಾಗುತ್ತವೆ. ಉರಿ ಹಾಕುವವನ ಕೆಲಸವನ್ನು ಆಲೆಮನೆಯ ಅತ್ಯಂತ ಅಗ್ಗದ ಕೂಲಿಯೆಂದು ನೋಡುವ ರೂಢಿ ಬದಲಾಗಬೇಕು. ಇಂಧನದ ಪೂರ್ತಿ ಖರ್ಚು ಅವನ ಹದದ ಮೇಲೆ ನಿಂತಿದೆ. ಪಾಕ ನೋಡುವವನಿಗೆ ಕೊಡುವ ಮರ್ಯಾದೆಯೂ ಕೂಲಿಯೂ ಅವನಿಗೆ ಸಲ್ಲಬೇಕು.

ಒಲೆಯನ್ನು ತಿದ್ದುವುದು

ಕೈ ಪಳಗಿದ ಮೇಲೆ ಒಲೆಯ ಕಡೆ ನೋಡಬಹುದು. ಮೊದಲ ಕೊಪ್ಪರಿಗೆಯ ಅಡಿಯಿಂದ ಹೊರಬೀಳುವ ಹೊಗೆ ಇನ್ನೂ ನೂರಾರು ಡಿಗ್ರಿ ಬಿಸಿಯಾಗಿರುತ್ತದೆ. ಅದನ್ನು ನೇರ ಚಿಮಣಿಗೆ ಬಿಡುವ ಬದಲು ಎರಡನೆಯ ಕೊಪ್ಪರಿಗೆಯ ಅಡಿಯಲ್ಲಿ ಹಾಯಿಸಿ, ಮುಂದಿನ ಸರದಿಯ ಹಾಲನ್ನು ಕಾಯಿಸಿಕೊಳ್ಳಬಹುದು. ಲಕ್ನೋದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆ ಎರಡು ಮತ್ತು ಮೂರು ಕೊಪ್ಪರಿಗೆಗಳ ಸುಧಾರಿತ ಒಲೆಗಳನ್ನು ರೂಪಿಸಿದ್ದು ಇದೇ ತತ್ವದ ಮೇಲೆ. ಹಾಲನ್ನು ಕುದಿಯ ಹತ್ತಿರಕ್ಕೆ ತರಲು ಬೇಕಾದ ಶಾಖ ಒಟ್ಟು ಶಾಖದ ಎಂಟನೇ ಒಂದು ಪಾಲಿನಷ್ಟಿದೆ. ಅಷ್ಟೂ ಶಾಖ ಹೊಗೆಯಿಂದಲೇ ದಕ್ಕಿದರೆ ಮುಖ್ಯ ಉರಿಯ ಭಾರ ಅಷ್ಟು ಇಳಿಯಿತು. ಕೊಪ್ಪರಿಗೆಯ ತಳಕ್ಕೆ ಲೋಹದ ಪಟ್ಟಿಗಳನ್ನು ಬೆಸೆದರೆ ಉರಿಗೆ ತಾಗುವ ಮೈ ಹೆಚ್ಚಿ ಶಾಖ ಬೇಗ ಒಳಗೆ ಹೋಗುತ್ತದೆ. ಒಲೆಯ ಗೋಡೆಗೆ ಶಾಖ ತಡೆಯುವ ಇಟ್ಟಿಗೆ, ಅಡಿಯಲ್ಲಿ ಗಾಳಿಯಾಡುವ ಎರಕದ ಜಾಲರಿ, ಚಿಮಣಿಯ ಸೆಳೆತವನ್ನು ಹೆಚ್ಚುಕಡಿಮೆ ಮಾಡಲು ಒಂದು ತಗಡಿನ ಕದ, ಇವನ್ನು ಊರಿನ ಗಾರೆಯವರು, ಬೆಸುಗೆಯವರೇ ಮಾಡಿಕೊಡಬಲ್ಲರು.

ರಚ್ಚನ್ನು ಒಣಗಿಸುವುದನ್ನೂ ಹಗುರವಾಗಿ ಕಾಣುವಂತಿಲ್ಲ. ಹಸಿ ರಚ್ಚು ಒಲೆಗೆ ಬಿದ್ದರೆ ಮೊದಲು ಅದರ ತೇವವನ್ನೇ ಆವಿ ಮಾಡಲು ಉರಿ ಖರ್ಚಾಗುತ್ತದೆ. ಬಿಸಿಲು ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಗಾಣದ ರೋಲರುಗಳ ಬಿಗಿ ಸರಿಯಾಗಿದ್ದರೆ ಹಾಲೂ ಹೆಚ್ಚು, ರಚ್ಚಿನ ತೇವವೂ ಕಡಿಮೆ.

ರಿಲಿಯೂ ತೋರಿಸಿದ ದಾರಿ

ಹೊಗೆಯ ಶಾಖ ಹಿಡಿದದ್ದಾಯಿತು. ಆವಿಯ ಶಾಖ? ಒಲೆ ಕೊಟ್ಟ ದುಬಾರಿ ಶಾಖವೆಲ್ಲ ಅದರಲ್ಲೇ ಇದೆಯಲ್ಲ. ಈ ಪ್ರಶ್ನೆಗೆ ಉತ್ತರ ಕೊಟ್ಟವರು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 1806ರಲ್ಲಿ ಹುಟ್ಟಿದ ನೋರ್ಬರ್ಟ್ ರಿಲಿಯೂ. ಆಫ್ರಿಕನ್ ಮೂಲದ ತಾಯಿಯ ಮಗ, ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ಕಲಿತವರು. ಆಗ ಲೂಸಿಯಾನದ ಕಬ್ಬಿನ ತೋಟಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ಆಲೆಮನೆಯದೇ ರೀತಿ. ಸಾಲು ಕೊಪ್ಪರಿಗೆಗಳು, ತೆರೆದ ಬಾಯಿ, ಕೆಳಗೆ ಬೆಂಕಿ. ಗುಲಾಮರು ಕುದಿಯುವ ಹಾಲನ್ನು ಒಂದರಿಂದ ಇನ್ನೊಂದಕ್ಕೆ ಸೌಟಿನಲ್ಲಿ ತೋಡಿ ಸುರಿಯಬೇಕಿತ್ತು.

ರಿಲಿಯೂ 1843ರಲ್ಲಿ ಪೇಟೆಂಟ್ ಪಡೆದ ಏರ್ಪಾಟಿನಲ್ಲಿ ಪಾತ್ರೆಗಳೆಲ್ಲ ಮುಚ್ಚಿದವು. ಮೊದಲ ಪಾತ್ರೆಯಿಂದ ಎದ್ದ ಆವಿಯೇ ಎರಡನೆಯದನ್ನು ಕಾಯಿಸುತ್ತದೆ, ಎರಡನೆಯದರ ಆವಿ ಮೂರನೆಯದನ್ನು. ಮುಂದಿನ ಒಂದೊಂದು ಪಾತ್ರೆಯಲ್ಲೂ ಗಾಳಿಯ ಒತ್ತಡ ತಗ್ಗಿಸುವುದರಿಂದ ಹಾಲು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ತೆರೆದ ಕೊಪ್ಪರಿಗೆಯಲ್ಲಿ ಒಂದು ಕೆ.ಜಿ. ನೀರಿಗೆ ತೆರುವ ಶಾಖದಲ್ಲಿ ನಾಲ್ಕು ಪಾತ್ರೆಗಳ ಸಾಲು ಹೆಚ್ಚುಕಡಿಮೆ ನಾಲ್ಕು ಕೆ.ಜಿ. ನೀರನ್ನು ಹೊರಹಾಕುತ್ತದೆ. ಮಂಡ್ಯದಲ್ಲಿ 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಿಂದ ಹಿಡಿದು ಇಂದಿನ ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳವರೆಗೆ ಸಕ್ಕರೆ ಉದ್ಯಮ ನಿಂತಿರುವುದು ಈ ತತ್ವದ ಮೇಲೆ. ಹಾಲಿನ ಪುಡಿ, ಟೊಮೆಟೊ ತಿರುಳು, ಇನ್‌ಸ್ಟಂಟ್ ಕಾಫಿ ಪುಡಿಯ ತಯಾರಿಕೆಯೂ ಅಷ್ಟೇ. ಇಂಗಿಸುವ ಕೆಲಸವಿರುವ ಕಡೆಯಲ್ಲೆಲ್ಲ ರಿಲಿಯೂ ಇದ್ದಾರೆ.

ಇದರ ಇನ್ನೊಂದು ಫಲ ನೀರು. ಆವಿ ತನ್ನ ಶಾಖವನ್ನು ಬಿಟ್ಟುಕೊಟ್ಟ ಕೂಡಲೇ ನೀರಾಗುತ್ತದೆ. ಕಬ್ಬಿನ ತೂಕದಲ್ಲಿ ಶೇ 70ರಷ್ಟು ನೀರು. ಒಂದು ಟನ್ ಕಬ್ಬು ಕಾರ್ಖಾನೆಗೆ ಬಂತೆಂದರೆ 700 ಲೀಟರ್ ನೀರು ಗೇಟಿನೊಳಗೆ ಬಂತೆಂದೇ ಲೆಕ್ಕ. ಅದನ್ನು ಹಿಡಿದಿಟ್ಟುಕೊಂಡು ಬಳಸುವ ಕಾರ್ಖಾನೆ ಹೊಳೆಯಿಂದಾಗಲಿ ಕೊಳವೆಬಾವಿಯಿಂದಾಗಲಿ ಎತ್ತಬೇಕಾದ ನೀರು ತೀರಾ ಕಡಿಮೆ. ಕೇಂದ್ರ ಸರ್ಕಾರ 2016ರಲ್ಲಿ ಮಾನದಂಡ ಬಿಗಿಗೊಳಿಸಿ, ಅರೆದ ಒಂದು ಟನ್ ಕಬ್ಬಿಗೆ ಹೊರಬಿಡಬಹುದಾದ ತ್ಯಾಜ್ಯನೀರಿನ ಮಿತಿಯನ್ನು 400 ಲೀಟರಿನಿಂದ 200 ಲೀಟರಿಗೆ ಇಳಿಸಿತು. ಆವಿಯನ್ನು ಹಿಡಿದವರಿಗೆ ಆ ನಿಯಮ ಹೊರೆಯಲ್ಲ.

ಇಂಥ ನಿರ್ವಾತ ಪಾತ್ರೆಗಳನ್ನು ಹಳ್ಳಿಯ ಆಲೆಮನೆ ಕೊಳ್ಳಲಾರದು. ತೆರೆದ ಕೊಪ್ಪರಿಗೆಯಲ್ಲಿ ಕುದಿದ ಪಾಕದ ಬಣ್ಣ, ಘಮ ಬೇರೆಯೇ ಎಂಬುದೂ ನಿಜ. ಆದರೆ ಹತ್ತಾರು ರೈತರು ಸೇರಿ ಕಟ್ಟುವ ದೊಡ್ಡ ಘಟಕದಲ್ಲಿ ಹಾಲನ್ನು ಅರ್ಧದವರೆಗೆ ಮುಚ್ಚಿದ ಪಾತ್ರೆಯಲ್ಲಿ ಇಂಗಿಸಿ, ಕೊನೆಯ ಹದವನ್ನು ತೆರೆದ ಕೊಪ್ಪರಿಗೆಗೆ ಬಿಡಬಹುದು. ಬೆಲ್ಲದ ರುಚಿ ಹುಟ್ಟುವುದು ಕೊನೆಯ ಹಂತದ ಪಾಕದಲ್ಲಿ, ಇಂಧನದ ಬಹುಪಾಲು ಕರಗುವುದು ಅದಕ್ಕಿಂತ ಮುಂಚಿನ ಕುದಿತದಲ್ಲಿ.

ನೀರಿಗೂ ಇಂಧನಕ್ಕೂ ಒಂದೇ ಖಾತೆ

ನಮ್ಮ ಉದ್ಯಮಿಗಳು ಕರೆಂಟ್ ಬಿಲ್ಲು, ಸೌದೆ ಬಿಲ್ಲು, ಟ್ಯಾಂಕರ್ ಬಿಲ್ಲು ಎಂದು ಬೇರೆ ಬೇರೆ ಬರೆದಿಡುತ್ತಾರೆ. ಒಲೆಯ ಮುಂದೆ ನಿಂತು ನೋಡಿದರೆ ಈ ಖಾತೆಗಳು ಬೇರೆಯಲ್ಲ. ಗಾಣ ತೊಳೆದ ನೀರೋ, ಬಾನಿ ತೊಳೆದ ನೀರೋ ಕಬ್ಬಿನ ಹಾಲಿಗೆ ಒಂದು ಲೀಟರ್ ಬೆರೆತರೆ ಅದನ್ನು ಮತ್ತೆ ಇಂಗಿಸಲು, ಶೇ 29ರ ದಕ್ಷತೆಯ ಒಲೆಯಲ್ಲಿ, ಅರ್ಧ ಕೆ.ಜಿ. ರಚ್ಚು ಬೇಕು. ಡೇರಿಯಲ್ಲಿ ಬಿಸಿನೀರಿನ ಪೈಪು ಸೋರಿದರೆ ಹೋಗುವುದು ಮೂರು ಬಿಲ್ಲು: ನೀರೆತ್ತಿದ ಕರೆಂಟು, ಕಾಯಿಸಿದ ಇಂಧನ, ಚರಂಡಿಗೆ ಸೇರಿದ ಮೇಲೆ ಅದನ್ನು ಶುದ್ಧೀಕರಿಸುವ ಖರ್ಚು.

ಹಾಲಿನ ಡೇರಿ ಈ ಪಾಠವನ್ನು ಚೆನ್ನಾಗಿ ಕಲಿತಿದೆ. ಪಾಶ್ಚೀಕರಣಕ್ಕೆ ಹಾಲನ್ನು 72 ಡಿಗ್ರಿಗೆ ಕಾಯಿಸಿ, 15 ಸೆಕೆಂಡ್ ಹಿಡಿದು, ಮತ್ತೆ 4 ಡಿಗ್ರಿಗೆ ಇಳಿಸಬೇಕು. ಕಾಯಿಸಲು ಬಾಯ್ಲರ್, ತಣಿಸಲು ಕಂಪ್ರೆಸರ್. ಎರಡಕ್ಕೂ ಪೂರ್ತಿ ಕೆಲಸ ಕೊಟ್ಟರೆ ಯಾವ ಡೇರಿಯೂ ಉಳಿಯದು. ಆದ್ದರಿಂದ ತೆಳುವಾದ ಉಕ್ಕಿನ ತಟ್ಟೆಗಳ ಸಾಲಿನಲ್ಲಿ ಒಂದು ಬದಿಗೆ ಒಳಬರುವ ತಣ್ಣನೆ ಹಾಲು, ಇನ್ನೊಂದು ಬದಿಗೆ ಹೊರಹೋಗುವ ಬಿಸಿ ಹಾಲು ಎದುರುಬದುರಾಗಿ ಹರಿಯುತ್ತವೆ. ಶೇ 90ರಷ್ಟು ಶಾಖ ಹೀಗೆ ಕೈ ಬದಲಾಯಿಸಿದರೆ ಬಾಯ್ಲರ್ ಹಾಲನ್ನು 65ರಿಂದ 72ಕ್ಕೆ ಏರಿಸಿದರೆ ಸಾಕು, ಕಂಪ್ರೆಸರ್ 11ರಿಂದ 4ಕ್ಕೆ ಇಳಿಸಿದರೆ ಸಾಕು. ಅವೇ ತಟ್ಟೆಗಳ ಮೇಲೆ ಹಾಲಿನ ಕೆನೆಯೋ ಗಡಸು ನೀರಿನ ಉಪ್ಪೋ ಪೊರೆಗಟ್ಟಿದರೆ ಈ ಲಾಭ ದಿನೇ ದಿನೇ ಕರಗುತ್ತದೆ. ಶುಚಿತ್ವವೂ ಇಲ್ಲಿ ಇಂಧನ ಉಳಿತಾಯವೇ.

ಬಾಯ್ಲರ್ ಇರುವ ಎಲ್ಲ ಘಟಕಗಳಿಗೂ ಅನ್ವಯಿಸುವ ಇನ್ನೊಂದು ಮಾತಿದೆ. ಹಬೆ ತನ್ನ ಕೆಲಸ ಮುಗಿಸಿ ನೀರಾದಾಗ ಅದು ಬಿಸಿಯಾಗಿಯೂ ಉಪ್ಪಿಲ್ಲದೆ ಶುದ್ಧವಾಗಿಯೂ ಇರುತ್ತದೆ. ಅದನ್ನು ಮೋರಿಗೆ ಬಿಡುವ ಘಟಕಗಳು ಇಂದಿಗೂ ಇವೆ. ಬಾಯ್ಲರಿಗೆ ಊಡುವ ನೀರಿನ ಉಷ್ಣತೆ ಆರು ಡಿಗ್ರಿ ಏರಿದರೆ ಶೇ 1ರಷ್ಟು ಇಂಧನ ಉಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಸೂತ್ರ. 25 ಡಿಗ್ರಿಯ ಕೊಳವೆಬಾವಿ ನೀರಿನ ಜಾಗದಲ್ಲಿ 85 ಡಿಗ್ರಿಯ ಈ ನೀರು ಬಂದರೆ ಶೇ 10ರಷ್ಟು ಉಳಿತಾಯ. ನೀರೂ ಉಳಿಯಿತು, ಗಡಸು ನೀರನ್ನು ಮೆದುಗೊಳಿಸುವ ಉಪ್ಪೂ ಉಳಿಯಿತು. ಹಬೆಯ ಕೊಳವೆಯಲ್ಲಿ ಮೂರು ಮಿಲಿಮೀಟರಿನ ಒಂದು ತೂತಿದ್ದರೆ, ಚದರ ಸೆಂಟಿಮೀಟರಿಗೆ ಏಳು ಕೆ.ಜಿ. ಒತ್ತಡದಲ್ಲಿ, ಗಂಟೆಗೆ 25 ಕೆ.ಜಿ. ಆಸುಪಾಸಿನಷ್ಟು ಹಬೆ ಸೋರುತ್ತದೆ. ಹಗಲೂ ರಾತ್ರಿ ಸೋರಿದರೆ ದಿನಕ್ಕೆ 600 ಕೆ.ಜಿ. ಒಂದು ವಾಷರು ಬದಲಿಸಲು ಮುಂದೂಡಿದ್ದಕ್ಕೆ ತೆರುವ ಬೆಲೆ ಇದು.

ತೊಳೆಯುವ ನೀರಿನಲ್ಲಿ ಉಳಿತಾಯದ ಮೊದಲ ಪಾಠ ಒಣದಾಗಿ ತೆಗೆಯುವುದು. ನೆಲಕ್ಕೆ ಚೆಲ್ಲಿದ ಹಿಟ್ಟನ್ನು ಪೊರಕೆಯಿಂದ, ಪಾತ್ರೆಗೆ ಅಂಟಿದ ತಿರುಳನ್ನು ರಬ್ಬರ್ ಪಟ್ಟಿಯಿಂದ ಬಾಚಿದ ಮೇಲೆ ನೀರು ಹಾಕಬೇಕು. ಕೈಬಿಟ್ಟರೆ ತಾನೇ ನಿಲ್ಲುವ ನಳಿಕೆಯನ್ನು ಪೈಪಿನ ತುದಿಗೆ ಸಿಕ್ಕಿಸಬೇಕು. ಕೊನೆಯ ಸಲ ಜಾಲಾಡಿಸಿದ ಹೆಚ್ಚುಕಡಿಮೆ ತಿಳಿನೀರನ್ನು ಮುಂದಿನ ಸರದಿಯ ಮೊದಲ ತೊಳೆತಕ್ಕೆ ಎತ್ತಿಡಬೇಕು. ಚರಂಡಿಗೆ ಹೋಗುವ ಆಹಾರ ನೀರಿಗಿಂತ ದೊಡ್ಡ ನಷ್ಟ. ಒಂದು ಲೀಟರ್ ಹಾಲು ಮೋರಿ ಸೇರಿದರೆ ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಎಳೆದುಕೊಳ್ಳುವ ಆಮ್ಲಜನಕ ಸುಮಾರು 100 ಗ್ರಾಂ. ಮನೆಗಳಿಂದ ಹೊರಬರುವ ಕೊಳಚೆಯ 300 ಲೀಟರಿಗಿಂತ ಹೆಚ್ಚಿನ ಮಾಲಿನ್ಯಕ್ಕೆ ಅದು ಸಮ. ಮಾರಬೇಕಿದ್ದ ಹಾಲು ಹೋಯಿತು, ಅದನ್ನು ಶುದ್ಧೀಕರಿಸಲು ಗಾಳಿ ಊದುವ ಯಂತ್ರಕ್ಕೆ ಕರೆಂಟೂ ಹೋಯಿತು.

ಎಲ್ಲಿಂದ ಶುರು ಮಾಡಬೇಕು

ಅಳತೆಯಿಂದ. ತಿಂಗಳ ಬಿಲ್ಲು ಒಟ್ಟು ಮೊತ್ತವನ್ನು ಹೇಳುತ್ತದೆ, ಸೋರಿಕೆಯ ಜಾಗ ಹೇಳುವುದಿಲ್ಲ. ಒಂದು ಕೆ.ಜಿ. ಉತ್ಪನ್ನಕ್ಕೆ ಎಷ್ಟು ಇಂಧನ, ಎಷ್ಟು ಯೂನಿಟ್, ಎಷ್ಟು ಲೀಟರ್ ಎಂಬ ಮೂರು ಅಂಕಿಗಳನ್ನು ದಿನವೂ ಗೋಡೆಯ ಹಲಗೆಯ ಮೇಲೆ ಬರೆಯುವ ಘಟಕದಲ್ಲಿ ಕೆಲಸಗಾರರೇ ವ್ಯತ್ಯಾಸ ಹಿಡಿಯುತ್ತಾರೆ. ತೊಳೆಯುವ ಜಾಗ, ಬಾಯ್ಲರ್, ಶೀತಕ ಘಟಕಕ್ಕೆ ಬೇರೆ ಬೇರೆ ನೀರಿನ ಮೀಟರ್ ಹಾಕಿಸಬೇಕು. ಕೆಲಸ ನಿಂತ ರಾತ್ರಿಯಲ್ಲೂ ಮೀಟರ್ ತಿರುಗುತ್ತಿದ್ದರೆ ಅದು ಸೋರಿಕೆ. ಶೀತಕ ಘಟಕವನ್ನು ಬೇಕಾದದ್ದಕ್ಕಿಂತ ಒಂದು ಡಿಗ್ರಿ ಹೆಚ್ಚು ತಣ್ಣಗಿಟ್ಟರೂ ಅದರ ವಿದ್ಯುತ್ ಬಳಕೆ ಶೇ 3ರಷ್ಟು ಏರುತ್ತದೆ. ಇದಕ್ಕೆ ಬೇಕಾದದ್ದು ಸರಿಯಾದ ಒಂದು ಥರ್ಮಾಮೀಟರ್.

ಇವುಗಳಾದ ಮೇಲೆ ಸೋಲಾರ್ ಫಲಕದ ಮಾತು. ಸೋಲಾರ್ ಒಳ್ಳೆಯದೇ. ಆದರೆ ಸೋರುವ ಘಟಕದ ಮೇಲೆ ಫಲಕ ಹೊದಿಸಿದರೆ ಸೋರಿಕೆಗಾಗಿಯೇ ಬಂಡವಾಳ ಹೂಡಿದಂತೆ. ಮೊದಲು ಅಗತ್ಯವನ್ನು ಇಳಿಸಿಕೊಂಡವರಿಗೆ ಅರ್ಧದಷ್ಟು ಫಲಕವೇ ಸಾಕಾಗಬಹುದು.

ಸಣ್ಣ ಘಟಕಗಳು ಇದನ್ನೆಲ್ಲ ಒಂಟಿಯಾಗಿ ಮಾಡಲಿ ಎಂದು ಬಿಟ್ಟುಬಿಡುವುದು ನ್ಯಾಯವಲ್ಲ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಕೇಂದ್ರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆ ಬಂಡವಾಳದ ಶೇ 35ರಷ್ಟನ್ನು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಸಾಲಕ್ಕೆ ಜೋಡಿಸಿದ ಸಹಾಯಧನವಾಗಿ ಕೊಡುವಂತೆ ರೂಪುಗೊಂಡಿತು. ‘ಒಂದು ಜಿಲ್ಲೆ ಒಂದು ಉತ್ಪನ್ನ’ದ ಪಟ್ಟಿಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದು ಬೆಲ್ಲವೇ. ಹೊಸ ಗಾಣಕ್ಕೆ, ಪ್ಯಾಕಿಂಗ್ ಯಂತ್ರಕ್ಕೆ ಹಣ ಕೊಡುವಾಗ ಒಲೆಯ ದಕ್ಷತೆಯನ್ನೂ ಕೇಳಬೇಕು. ಹೊಗೆಯ ಆಮ್ಲಜನಕ ಅಳೆಯುವ ಉಪಕರಣವನ್ನು ಹೋಬಳಿಗೊಂದರಂತೆ ಇಟ್ಟರೆ ಹತ್ತಾರು ಆಲೆಮನೆಗಳು ಸರದಿಯಲ್ಲಿ ಬಳಸಬಹುದು. ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬು, ಬೆಲ್ಲದ ಸಂಶೋಧನೆಯ ಅನುಭವವಿದೆ. ಜಿಲ್ಲೆಯ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟಿಗೆ ವಿಷಯ ಹುಡುಕುವ ವಿದ್ಯಾರ್ಥಿಗಳಿದ್ದಾರೆ. ಒಂದು ಸುಗ್ಗಿಯಲ್ಲಿ ಒಂದು ತಂಡ ಒಂದು ಆಲೆಮನೆಯನ್ನು ಅಳೆದು, ತಿದ್ದಿ, ಮತ್ತೆ ಅಳೆದರೆ ಅದು ಪದವಿಗೂ ಆದೀತು, ಊರಿಗೂ ಆದೀತು.

ಟೈರು ಸುಡಬೇಡಿ ಎಂದು ನೋಟಿಸ್ ಕೊಡುವುದು ಸುಲಭ. ರಚ್ಚು ಸಾಲದ ಒಲೆಗೆ ನೋಟಿಸು ಇಂಧನವಾಗದು. ಒಂದು ಕೆ.ಜಿ. ಬೆಲ್ಲಕ್ಕೆ ಎರಡು ಕೆ.ಜಿ.ಗಿಂತ ಕಡಿಮೆ ರಚ್ಚು ಎಂಬ ಗುರಿಯನ್ನು ಪ್ರತಿ ಆಲೆಮನೆಯೂ ಮುಟ್ಟುವಂತೆ ಕಲಿಸಿ, ಅಳೆದು, ನೆರವು ಕೊಟ್ಟರೆ ಹೊರಗಿನ ಇಂಧನ ಆ ಅಂಗಳಕ್ಕೆ ಬರಲು ಕಾರಣವೇ ಉಳಿಯುವುದಿಲ್ಲ. ಗುರಿ ದೂರದ್ದಲ್ಲ. ಹದವರಿತ ಕೈಗಳು ಹಳೆಯ ಒಲೆಯಲ್ಲೇ ಅದನ್ನು ಮುಟ್ಟಿ ತೋರಿಸಿವೆ.